ಎರಡು ದಾರಿ, ಒಂದೇ ಪೈಪು

ಮಾರ್ಚ್ 3, ಸೋಮವಾರ

ಮತ್ತೆ ಲ್ಯಾಬಿನ ಮೂರನೇ ಮೀಟರ್ ಆಫ್ ಆಗಿತ್ತು. ಶನಿವಾರ ಸಂಜೆ ಗುಡಿಸುವಾಕೆ ವ್ಯಾಕ್ಯೂಮ್ ಹಾಕಲು ಪ್ಲಗ್ ಕಿತ್ತಿದ್ದಾಳೆ. ಎರಡು ದಿನದ ಅಳತೆ ಹೋಯಿತು. ಪ್ಲಗ್ಗಿಗೆ ಕೆಂಪು ಟೇಪ್ ಸುತ್ತಿ ‘ಮುಟ್ಟಬೇಡಿ’ ಎಂದು ಬರೆದೆ. ಹೋದ ತಿಂಗಳೂ ಬರೆದಿದ್ದೆ. ಆಗ ನೀಲಿ ಟೇಪ್.

ಈ ಕೆಲಸ ಶುರುವಾಗಿ ಒಂಬತ್ತು ತಿಂಗಳು. ಲ್ಯಾಬಿಗೆ ಯಾರಾದರೂ ಅತಿಥಿ ಬಂದರೆ ಡೈರೆಕ್ಟರು ನನ್ನನ್ನು ಕರೆದು, “ಎರಡು ಮಾತಲ್ಲಿ ಹೇಳಿ ಮೇಡಂ” ಎನ್ನುತ್ತಾರೆ. ಇವತ್ತೂ ಕರೆದರು. ಬಾಯಿಪಾಠವಾಗಿದೆ — ನೆಲದಡಿಯ ಪೈಪುಗಳಲ್ಲಿ ಗಾಜಿನ ಎಳೆಗಳಿವೆ. ಊರಿನ ಮಾತು, ಚಿತ್ರ ಎಲ್ಲವೂ ಬೆಳಕಾಗಿ ಅವುಗಳೊಳಗೆ ಓಡುತ್ತದೆ. ಮೇಲೆ ಲಾರಿ ಹೋದರೆ ಎಳೆ ನಡುಗುತ್ತದೆ, ಒಳಗಿನ ಬೆಳಕು ಕೊಂಚ ಹೊರಳುತ್ತದೆ. ಆ ನಡುಕವನ್ನು ಅಳೆದು, ಎಳೆ ಎಲ್ಲಿ ಸೋಲುತ್ತಿದೆ ಎಂದು ಮೊದಲೇ ಹೇಳುವುದು. ಹೇಳಿದರೆ ಸ್ವಿಚ್ಚು ಬೆಳಕನ್ನು ಬದಲಿ ದಾರಿಗೆ ತಿರುಗಿಸುತ್ತದೆ.

“ಅಂದ್ರೆ ನಾಡಿ ಹಿಡಿದು ನೋಡೋ ಹಾಗೆ?” ಎಂದರು ಅತಿಥಿ.

ಹೌದು ಎಂದೆ. ಎಲ್ಲರೂ ಇದನ್ನೇ ಕೇಳುತ್ತಾರೆ. ಈವರೆಗೆ ನಾಡಿ ಸಿಕ್ಕಿಲ್ಲ ಎಂದು ಹೇಳಲಿಲ್ಲ.

ಮಾರ್ಚ್ 19, ಬುಧವಾರ

ಮಧ್ಯಾಹ್ನವೆಲ್ಲ ಬೇಸ್‌ಮೆಂಟಿನ ಕೇಬಲ್ ರೂಮಿನಲ್ಲಿ, ಕೂದಲಣ್ಣನ ಜೊತೆ. ಲೈನ್ ಕಂಪನಿಯ ಹಳೆಯ ಕೆಲಸಗಾರ. ಕೂದಲಿನಷ್ಟು ತೆಳು ಗಾಜಿನ ಎಳೆಗಳನ್ನು ಬೆಸೆಯುವುದು ಅವರ ವೃತ್ತಿ, ಅದಕ್ಕೇ ಆ ಹೆಸರು. ತಲೆ ಮಾತ್ರ ಬೋಳು. ಹೆಸರಿಟ್ಟವರು ಯಾರೋ, ಅಣ್ಣನಿಗೂ ಗೊತ್ತಿಲ್ಲ.

ಬೆಸೆಯುವಾಗ ಮಾತಾಡುವುದಿಲ್ಲ, ಉಸಿರೂ ಬಿಡುವುದಿಲ್ಲ. ಮುಗಿದ ಮೇಲೆ ಎಲ್ಲವನ್ನೂ ಸೇರಿಸಿ ಆಡುತ್ತಾರೆ.

“ಇಷ್ಟೊಂದು ಓದ್ಕೊಂಡಿದೀರಿ, ಕಣ್ಣ ಕೆಳಗೆ ಕಪ್ಪು ನೋಡಿ ಮೇಡಂ. ನಾನು ಏಳನೇ ಕ್ಲಾಸು. ಊಟ ಮಾಡಿ ಬಿದ್ಕೊಂಡ್ರೆ ಬೆಳಿಗ್ಗೇನೇ.”

“ನಿಮ್ಮ ಎಳೆ ಬಿಟ್ಟುಹೋದ್ರೆ ಕಣ್ಣಿಗೆ ಕಾಣುತ್ತೆ ಅಣ್ಣ. ನಂದು ಬಿಟ್ಟುಹೋಗಿದ್ದೇ ಗೊತ್ತಾಗಲ್ಲ.”

ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ.

ಮನೆಗೆ ಬಂದಾಗ ಅಕ್ಕ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳದು ಆಸ್ಪತ್ರೆಯ ಸ್ಕ್ಯಾನ್ ರೂಮು, ಕೆಲಸಕ್ಕೆ ಸೇರಿ ಮೂವತ್ತೊಂದನೇ ವರ್ಷ. ಭಾವ ಹೋದ ಮೇಲೆ ಇಬ್ಬರೂ ಒಂದೇ ಮನೆ. ಒಬ್ಬರ ಸುಸ್ತು ಇನ್ನೊಬ್ಬರು ಕೇಳುವುದಿಲ್ಲ. ಕೇಳಿದರೆ ಇಬ್ಬರದೂ ಶುರುವಾಗುತ್ತದೆ.

ಏಪ್ರಿಲ್ 24, ಗುರುವಾರ

ತಿಂಗಳ ಮೇಲಾಯಿತು ಬರೆದು. ಬರೆಯುವಂಥದ್ದೇನೂ ಇರಲಿಲ್ಲ. ಅಳತೆ, ಅಳತೆ, ಅಳತೆ. ಸೋಲುವ ಎಳೆ ಒಂದೂ ಸಿಕ್ಕಿಲ್ಲ. ಈ ಊರಿನ ಗಾಜು ನನ್ನ ಸಂಶೋಧನಾ ಪೇಪರಿಗಾಗಿ ಒಡೆಯುವುದಿಲ್ಲ.

ಊಟಕ್ಕೆ ಕೂತಾಗ ಅಕ್ಕ ಖುಷಿಯಲ್ಲಿದ್ದಳು. ಅವರ ಆಸ್ಪತ್ರೆ ನದಿಯ ಈ ಕಡೆ. ಮೆದುಳಿನ ಡಾಕ್ಟರು ಕೂರುವುದು ಆ ಕಡೆಯ ದೊಡ್ಡ ಕಟ್ಟಡದಲ್ಲಿ. ಸ್ಕ್ಯಾನ್ ಚಿತ್ರ ಲೈನಿನಲ್ಲಿ ಹೋಗುತ್ತದೆ.

“ಮುಂಚೆ ಫಿಲ್ಮ್ ಹಿಡ್ಕೊಂಡು ಡ್ರೈವರ್ ಓಡಬೇಕಿತ್ತು. ಈಗ ಕಳಿಸಿ ಕೈ ತೊಳೆಯೋದ್ರೊಳಗೆ ಆ ಕಡೆಯಿಂದ ಫೋನು. ನಿಮ್ಮೋರು ಮಾಡಿದ ಒಂದೇ ಒಳ್ಳೆ ಕೆಲಸ ಪುಟ್ಟೀ.”

ನಲವತ್ತಾರು ವರ್ಷದ ಪುಟ್ಟಿ. ಇನ್ನೊಂದು ಸೌಟು ಹಾಕಿಸಿಕೊಂಡೆ.

ಮೇ 14, ಬುಧವಾರ

ಇವತ್ತು ಕಾಫಿ ಹೆಚ್ಚಾಯಿತು.

ಬೆಳಿಗ್ಗೆ ಆಸ್ಪತ್ರೆಯ ಎರಡು ಲೈನುಗಳ ಗ್ರಾಫ್ ತೆಗೆದೆ. ಮುಖ್ಯ ದಾರಿ, ಬದಲಿ ದಾರಿ. ಎರಡೂ ಒಂದೇ ತರ ಕಂಡವು. ಒಂದೇ ಫೈಲನ್ನು ಎರಡು ಸಲ ಹಾಕಿದ್ದೇನೆ ಎಂದುಕೊಂಡೆ. ಅಳಿಸಿ ಮತ್ತೆ ಹಾಕಿದೆ. ಮತ್ತೆ ಅದೇ. ಹಿಂದಿನ ವಾರದ್ದು ತೆಗೆದೆ, ಅದೂ ಅದೇ. 8:40ಕ್ಕೆ ಇದು ನಡುಗಿದರೆ 8:40ಕ್ಕೆ ಅದೂ. ಬಸ್ಸು ಬಂದರೆ ಇಬ್ಬರಿಗೂ ಬಂತು. ಭಾನುವಾರ ಬೆಳಿಗ್ಗೆ ಇಬ್ಬರಿಗೂ ರಜೆ.

ನಕ್ಷೆಯ ಪ್ರಕಾರ ಮುಖ್ಯ ದಾರಿ ರಸ್ತೆ ಸೇತುವೆಯ ಮೇಲೆ. ಬದಲಿ ದಾರಿ ಮೂರು ಕಿಲೋಮೀಟರ್ ಆಚೆ, ರೈಲು ಸೇತುವೆಯ ಮೇಲೆ. ಎರಡಕ್ಕೂ ಒಂದೇ ಬಸ್ಸಿನ ನಡುಕ ಹೇಗೆ ಬಂತು?

ನಡುಕ ಲೈನಿನ ಎರಡೂ ತುದಿಗೆ ತಲುಪಿದ ಹೊತ್ತು ಲೆಕ್ಕ ಹಾಕಿದರೆ ಜಾಗ ಸಿಗುತ್ತದೆ. ಹಾಕಿದೆ. ಎರಡು ದಾರಿಗೂ ಒಂದೇ ಉತ್ತರ — ರಸ್ತೆ ಸೇತುವೆ. ಸುಮಾರು ಮುನ್ನೂರ ನಲವತ್ತು ಮೀಟರ್ ಇಬ್ಬರೂ ಒಟ್ಟಿಗಿದ್ದಾರೆ.

ಸೋಲುವ ಎಳೆ ಹುಡುಕಲು ಹೋದವಳು ನಾನು. ಇದು ಬೇರೆ — ಅಲ್ಲಿ ಒಂದು ಏಟು ಬಿದ್ದರೆ ಎರಡೂ ಹೋಗುತ್ತವೆ.

ಮೇ 15, ಗುರುವಾರ

ಕೂದಲಣ್ಣನಿಗೆ ಫೋನ್ ಮಾಡಿದೆ. ಎಲ್ಲೋ ರಸ್ತೆಬದಿಯಲ್ಲಿದ್ದರು, ಹಾರ್ನ್ ಸದ್ದು.

“ಅಣ್ಣ, ಆಸ್ಪತ್ರೆ ಬದಲಿ ಲೈನು ರೈಲ್ವೆ ಬ್ರಿಜ್ ಮೇಲೆ ಹೋಗುತ್ತಲ್ವಾ?”

“ಹೋಗ್ತಿತ್ತು. ಅಲ್ಲಿ ಪೈಪು ಜಜ್ಜಿ ಹೋಯ್ತು, ಹನ್ನೊಂದು ವರ್ಷದ ಕೆಳಗೆ. ಆಗ ನಾವೇ ಎಳೆದು ರಸ್ತೆ ಬ್ರಿಜ್ಜಿನ ಪೈಪಿಗೆ ತೂರಿಸಿದ್ವಿ. ತಾತ್ಕಾಲಿಕ ಅಂದ್ರು.”

“ಮುಖ್ಯ ಲೈನ್ ಇರೋ ಪೈಪಿಗೇ?”

“ಅಲ್ಲಿ ಇರೋದೇ ಒಂದು ಪೈಪು ಮೇಡಂ.”

“ಮತ್ತೆ ನಕ್ಷೆಯಲ್ಲಿ?”

“ನಕ್ಷೆ ಬರೆಯೋರು ಬೇರೆ, ಪೈಪಿಗೆ ತೂರಿಸೋರು ಬೇರೆ. ತಾತ್ಕಾಲಿಕ ಅಂತ ಮಾಡಿದ್ದಕ್ಕಿಂತ ಗಟ್ಟಿ ಇನ್ಯಾವುದೂ ಇಲ್ಲ, ನೋಡಿ.”

ಅಂದರೆ ನಾನು ಲ್ಯಾಬಿನಲ್ಲಿ ಕೂತು ಒಂಬತ್ತು… ಇಲ್ಲ, ಹನ್ನೊಂದು ತಿಂಗಳಲ್ಲಿ ಕಂಡುಹಿಡಿದದ್ದನ್ನು ಅವರು ಕೈಯಾರೆ ಮಾಡಿದ್ದಾರೆ. ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೇ.

ಮೇ 16, ಶುಕ್ರವಾರ

ಡೈರೆಕ್ಟರ್ ರೂಮಿಗೆ ಹೋಗಿ ಎರಡೂ ಗ್ರಾಫ್ ಒಂದರ ಮೇಲೊಂದು ಇಟ್ಟು ತೋರಿಸಿದೆ. ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಮುಖ ಅರಳಿತು. ಅವರ ಮುಖ ಅರಳಿದ್ದು ನೋಡಿ ಎಷ್ಟು ದಿನವಾಗಿತ್ತು.

“ಹುಡುಕಿದ್ದೊಂದು, ಸಿಕ್ಕಿದ್ದು ಇನ್ನೊಂದು. ಇದೇ ನಮ್ಮ ಪೇಪರ್ ಮೇಡಂ.”

“ಸರ್, ಇದು ಆಸ್ಪತ್ರೆ ಲೈನು. ಮೊದಲು ಕಂಪನಿಗೆ ಹೇಳ್ಬೇಕಲ್ವಾ?”

“ಹೇಳೋಣ. ಆದ್ರೆ ಒಂದೇ ಜಾಗ, ಒಂದೇ ಅಳತೆ. ಎರಡು ವರ್ಷದ ಹಿಂದೆ ಏನಾಯ್ತು? ಲೈನ್ ಹೋಗುತ್ತೆ ಹೋಗುತ್ತೆ ಅಂತ ಬೊಬ್ಬೆ ಹೊಡೆದ್ವಿ, ಏನೂ ಆಗ್ಲಿಲ್ಲ. ಆರು ತಿಂಗಳು ಕಂಪನಿಯೋರು ನಮ್ಮನ್ನ ಬಾಗಿಲೊಳಗೆ ಬಿಡ್ಲಿಲ್ಲ.”

“ಆ ಕೇಬಲ್ ಎಳೆದೋರೇ ಹೇಳ್ತಿದಾರೆ ಸರ್.”

“ಬಾಯಿಮಾತು ಪುರಾವೆ ಆಗಲ್ಲ. ಇನ್ನೊಂದ್ಸಲ ಅಳೆಯಿರಿ. ಜೂನ್ ಆರಕ್ಕೆ ಪೇಪರ್ ಕಳಿಸಿ, ಮಾರನೇ ದಿನವೇ ನಾನೇ ಪತ್ರ ಬರೀತೀನಿ. ಹನ್ನೊಂದು ವರ್ಷ ಇದ್ದದ್ದು ಇನ್ನು ಮೂರು ವಾರ ಇರಲ್ವಾ?”

ಕೆಟ್ಟ ಮನುಷ್ಯರಲ್ಲ. ಅವರ ಮಾತಿನಲ್ಲಿ ಹುರುಳೂ ಇತ್ತು. ಜಗಳ ಆಡಬಹುದಿತ್ತು. ತ್ರಾಣ ಇರಲಿಲ್ಲ. ಸರಿ ಸರ್ ಎಂದೆ.

ಮೇ 20, ಮಂಗಳವಾರ

ಸೇತುವೆಯ ತುದಿಯಲ್ಲಿ ಹಳದಿ ಬೋರ್ಡ್. ಫುಟ್‌ಪಾತ್ ಅಗೆದು ಹೊಸದಾಗಿ ಮಾಡುತ್ತಾರಂತೆ, ಮುಂದಿನ ವಾರದಿಂದ. ಬಸ್ಸಿನ ಕಿಟಕಿಯಿಂದ ಓದಿದೆ. ಆ ಪೈಪು ಇರುವುದು ಅದರಡಿಯಲ್ಲೇ.

ಲ್ಯಾಬ್ ತಲುಪಿ ಕಂಪನಿಯ ನಕ್ಷೆ ವಿಭಾಗಕ್ಕೆ ಫೋನ್ ಮಾಡಿದೆ. ಅಲ್ಲಿನ ಸಾಹೇಬರಿಗೆ ಪೇಪರ್ ವಿಷಯ ಹೇಳದೆ, ಬರೀ ಅನುಮಾನ ಅನ್ನುವಂತೆ ಕೇಳಿದೆ.

“ನಕ್ಷೆಯಲ್ಲಿ ಬೇರೆ ಬೇರೆ ಇದೆಯಲ್ಲ ಮೇಡಂ.”

“ನೆಲದಲ್ಲಿ ಹೇಗಿದೆ, ಒಂದ್ಸಲ ಗುಂಡಿ ಮುಚ್ಚಳ ತೆಗೆದು ನೋಡಬಹುದಾ?”

“ಲಿಖಿತವಾಗಿ ಕಳ್ಸಿ. ನಿಮ್ಮ ಡೈರೆಕ್ಟರ್ ಸಹಿ ಇರ್ಲಿ.”

ಪತ್ರ ಟೈಪ್ ಮಾಡಿದೆ. ಎಂಟು ಸಾಲು. ಸಹಿಗೆ ಒಯ್ದರೆ ಮತ್ತೆ ಅದೇ ಮಾತು… ನಾಳೆ ನೋಡೋಣ ಎಂದು ಡ್ರಾಫ್ಟ್‌ನಲ್ಲಿಟ್ಟೆ.

ಮೇ 28, ಬುಧವಾರ

ಇಡೀ ದಿನ ಪೇಪರಿನ ನಾಲ್ಕನೇ ಚಿತ್ರ. ಗೆರೆಯ ದಪ್ಪ, ಅಕ್ಷರದ ಅಳತೆ, ನೀಲಿ ಬೇಕೋ ಹಸಿರೋ. ಡೈರೆಕ್ಟರು ಹಸಿರು ಎಂದರು, ಸಂಜೆ ನೀಲಿಯೇ ಇರಲಿ ಎಂದರು.

ಪತ್ರ ಡ್ರಾಫ್ಟ್‌ನಲ್ಲೇ ಇದೆ. ಅಕ್ಕನಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಹೇಳಿದರೆ ನಾಳೆ ಬೆಳಿಗ್ಗೆಯೇ ಆಸ್ಪತ್ರೆಯಲ್ಲಿ ಗಲಾಟೆ ಎಬ್ಬಿಸುತ್ತಾಳೆ. ಕಂಪನಿಯ ಜೊತೆ ಒಪ್ಪಂದವಿದೆ, ಲ್ಯಾಬಿನ ವಿಷಯ ಹೊರಗೆ ಆಡುವಂತಿಲ್ಲ. ಇನ್ನು ಒಂಬತ್ತು ದಿನ.

ಜೂನ್ 4, ಬುಧವಾರ

11:22ಕ್ಕೆ ಪರದೆಯ ಮೇಲೆ ಆಸ್ಪತ್ರೆಯ ಮುಖ್ಯ ದಾರಿ ಕೆಂಪಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಸ್ವಿಚ್ಚು ಬದಲಿ ದಾರಿಗೆ ತಿರುಗಿಸಿತು. ಅದು ಹಸಿರು. ನಾಲ್ಕು ಸೆಕೆಂಡ್ ಹಸಿರಾಗಿತ್ತು. ಆಮೇಲೆ ಅದೂ ಕೆಂಪು.

ಸ್ವಿಚ್ಚು ತಪ್ಪು ಮಾಡಲಿಲ್ಲ. ಹೇಳಿದ ದಾರಿಗೇ ಕಳಿಸಿತು.

ಪಕ್ಕದ ಟೇಬಲ್ಲಿನವರು ಎದ್ದು ಬಂದು, “ನಿಮ್ಮ ಗ್ರಾಫ್ ನಿಜವಾಯ್ತಲ್ಲ” ಎಂದರು. ಅಭಿನಂದಿಸುವ ದನಿ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಸೇತುವೆಗೆ ಹೋದೆ. ಫುಟ್‌ಪಾತ್ ಅಗೆಯುವ ಯಂತ್ರ ಪೈಪನ್ನು ಎಳೆದು ಹಾಕಿದೆ. ಎರಡು ಕೇಬಲ್, ಕಪ್ಪು, ಒಂದರ ಪಕ್ಕ ಒಂದು. ಯಂತ್ರದವನು ಕಲ್ಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಕೊಟ್ಟ ನಕ್ಷೆಯಲ್ಲಿ ಒಂದೇ ಕೇಬಲ್ ಇತ್ತು, ಅದೂ ಒಂದು ಮೀಟರ್ ಆಚೆ. ಕೂದಲಣ್ಣ ಕೊಡೆ ಕಟ್ಟಿಕೊಂಡು ಬಿಸಿಲಿನಲ್ಲಿ ಒಂದೊಂದೇ ಎಳೆ ಬೆಸೆದರು. ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು. ನನ್ನನ್ನು ಒಮ್ಮೆ ನೋಡಿದರು. ಕೆಲಸ ಮುಗಿದ ಮೇಲೂ ಮಾತಾಡಲಿಲ್ಲ.

ಜೂನ್ 5, ಗುರುವಾರ

ನಿನ್ನೆ ಬರೆಯಲು ಆಗದ್ದು.

ಅಕ್ಕ ಸಂಜೆ ಏಳಕ್ಕೆ ಬಂದಳು. ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕೂತಳು.

“ಬೆಳಿಗ್ಗೆ ಒಬ್ರು ಪೇಂಟರ್ ಬಂದ್ರು. ಏಣಿಯಿಂದ ಬಿದ್ದು ತಲೆಗೆ ಏಟು. ಸ್ಕ್ಯಾನ್ ಮಾಡಿದೆ, ಬಲಗಡೆ ರಕ್ತ ಹೆಪ್ಪುಗಟ್ಟಿದೆ ಅಂತ ನಂಗೇ ಕಾಣ್ತಿತ್ತು. ಕಳಿಸ್ತೀನಿ, ಹೋಗ್ತಿಲ್ಲ. ಮತ್ತೆ ಕಳಿಸ್ತೀನಿ, ಹೋಗ್ತಿಲ್ಲ. ಮೊಬೈಲಲ್ಲಿ ಡಾಕ್ಟರಿಗೆ ಹೇಳಿದ್ರೆ, ನೋಡದೆ ಹೇಗಮ್ಮ ಹೇಳ್ಲಿ, ಪೇಶೆಂಟನ್ನೇ ಕಳಿಸಿ ಅಂದ್ರು. ಬ್ರಿಜ್ ಮೇಲೆ ಜಾಮು. ಐವತ್ತು ನಿಮಿಷ ಆಂಬ್ಯುಲೆನ್ಸಲ್ಲೇ.”

“ಈಗ?”

“ಜೀವಕ್ಕೇನೂ ಇಲ್ಲ. ಎಡಗೈ ಏಳ್ತಿಲ್ಲ. ಎಡಚರಂತೆ, ಬ್ರಶ್ ಹಿಡಿಯೋ ಕೈ. ಅವರ ಹೆಂಡತಿ ನನ್ನನ್ನೇ ಕೇಳ್ತಾರೆ, ಬೇಗ ಕಳಿಸಿದ್ರೆ ಸರಿಹೋಗ್ತಿತ್ತಾ ಅಂತ. ಏನಂತ ಹೇಳೋದು.”

ನೀರು ತಂದುಕೊಟ್ಟೆ. ಅಷ್ಟೇ ಮಾಡಿದೆ.

ಜೂನ್ 7, ಶನಿವಾರ

ಪೇಪರ್ ನಿನ್ನೆ ಹೋಯಿತು. ಚಿತ್ರ ನಾಲ್ಕು ಹಾಗೇ ಇದೆ. ಐದನೆಯದಾಗಿ ಬುಧವಾರದ್ದು ಸೇರಿತು.

ಬೆಳಿಗ್ಗೆ ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡೇ ಹೇಳಿದೆ. ನಿಂತು ಕೇಳಿದಳು. ಹೊದಿಕೆ ಮಡಿಸಿ ಮುಗಿಸಿದಳು.

“ನಿಂಗೆ ಯಾವತ್ತು ಗೊತ್ತಾಗಿದ್ದು?”

“ಮೇ ಹದಿನಾಲ್ಕು.”

“ಮೂರು ವಾರ.” ಬೆರಳು ಮಡಿಸಲಿಲ್ಲ, ಲೆಕ್ಕ ಅವಳಿಗೆ ಬೇಗ. “ಮೂರು ವಾರ ನನ್ನೆದುರೇ ಕೂತು ಊಟ ಮಾಡಿದ್ಯಲ್ಲ.”

“ಡೈರೆಕ್ಟರ್ ಬೇಡ ಅಂದ್ರು ಅಕ್ಕ.”

“ಡೈರೆಕ್ಟರ್ ನನ್ನ ತಂಗಿ ಅಲ್ಲ.”

“ನಂಗೆ ಸುಸ್ತಾಗಿತ್ತು.”

ಇದನ್ನು ಯಾಕೆ ಹೇಳಿದೆನೋ. ಅವಳು ನನ್ನ ಕಡೆ ನೋಡಿದಳು. ಬೆಳಿಗ್ಗೆ ಆರಕ್ಕೆ ಎದ್ದು ಮೂವತ್ತೊಂದು ವರ್ಷದಿಂದ ಅದೇ ರೂಮಿಗೆ ಹೋಗುವವಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಲಿಲ್ಲ.

ಜೂನ್ 10, ಮಂಗಳವಾರ

ಘಟನೆಯ ವರದಿ ನಾನೇ ಬರೆಯಬೇಕಂತೆ. ಬರೆದೆ. ಡೈರೆಕ್ಟರು ಓದಿ ಒಂದು ಸಾಲಿನ ಕೆಳಗೆ ಪೆನ್ಸಿಲ್ ಇಟ್ಟರು — ‘ಮೇ 14ರಂದು ಲ್ಯಾಬಿಗೆ ಇದು ತಿಳಿದಿತ್ತು.’

“ದಿನಾಂಕ ಬೇಡ. ‘ಇತ್ತೀಚಿನ ಅಳತೆಗಳಲ್ಲಿ’ ಅಂತ ಬರೀರಿ. ಸುಳ್ಳಲ್ಲವಲ್ಲ.”

ವರದಿಯನ್ನು ನನ್ನ ಕಡೆಗೆ ಎಳೆದುಕೊಂಡೆ.

“ತಪ್ಪು ನಂದು ಮೇಡಂ, ನಿಮ್ಮದಲ್ಲ. ರಾತ್ರಿ ನಿದ್ದೆ ಬರ್ತಿದೆ ಅಂದ್ಕೋಬೇಡಿ. ಆದ್ರೆ ಈ ಲ್ಯಾಬಲ್ಲಿ ಹನ್ನೆರಡು ಜನ ಇದಾರೆ.”

“ಅಲ್ಲಿ ಒಬ್ರು ಇದಾರೆ ಸರ್. ಪೇಂಟರ್.”

ಪೆನ್ಸಿಲ್ ಕೆಳಗಿಟ್ಟರು. ದಿನಾಂಕ ಸಹಿತ ಕಳಿಸಿದೆ. ಪಕ್ಕದಲ್ಲೇ ಆ ಎಂಟು ಸಾಲಿನ ಪತ್ರವನ್ನೂ ಲಗತ್ತಿಸಿದೆ, ‘ಕಳಿಸಿಲ್ಲ’ ಎಂದು ಬರೆದು.

ಜೂನ್ 13, ಶುಕ್ರವಾರ

ಮೂರು ದಿನ ಊರಿನ ಎಲ್ಲ ಲೈನುಗಳ ಅಳತೆ ತೆಗೆದು ಜೋಡಿ ಜೋಡಿಯಾಗಿ ಹೋಲಿಸಿದೆ. ಒಟ್ಟಿಗೆ ನಡುಗುವ ಜೋಡಿಗಳು ಇನ್ನೂ ಆರು. ಒಂದು ಅಗ್ನಿಶಾಮಕದವರದು. ಒಂದು ನೀರಿನ ಪಂಪ್‌ಹೌಸಿನದು.

ಯಾರ ಸಹಿಯೂ ಇಲ್ಲದೆ ನನ್ನ ಹೆಸರಿನಲ್ಲೇ ನಕ್ಷೆ ಸಾಹೇಬರಿಗೆ ಕಳಿಸಿದೆ, ಡೈರೆಕ್ಟರಿಗೆ ಒಂದು ಪ್ರತಿ. ಗಂಟೆಯೊಳಗೆ ಸಾಹೇಬರ ಫೋನ್. “ಲಿಖಿತ” ಅನ್ನುವ ಮಾತೇ ಬರಲಿಲ್ಲ.

“ನಮ್ಮ ನಕ್ಷೆ ನಂಬೋ ಹಾಗಿಲ್ಲ ಅಂತೀರಾ ಮೇಡಂ?”

“ಕೂದಲಣ್ಣನ್ನ ಕೇಳಿ ಸರ್. ಮುಚ್ಚಳ ತೆಗೆಯೋಕೆ ಅವರೇ ಬೇಕು.”

ಡೈರೆಕ್ಟರಿಂದ ಒಂದು ಸಾಲು ಬಂತು — ‘ನೋಡಿದೆ.’

ಅಕ್ಕ ಮಾತಾಡುವುದು ಉಪ್ಪು, ಗ್ಯಾಸು, ಬೀಗದಷ್ಟಕ್ಕೆ ಮಾತ್ರ.

ಜೂನ್ 27, ಶುಕ್ರವಾರ

ನಾಲ್ಕು ಮುಚ್ಚಳ ತೆಗೆದದ್ದಾಯಿತು. ನಾಲ್ಕರಲ್ಲೂ ಇದ್ದದ್ದು ಒಂದೇ ಪೈಪು. ನಾಲ್ಕನ್ನೂ ಬೇರೆ ಮಾಡಿದರು. ಕೆಸರು, ಜಿರಳೆ, ಹಳೆಯ ಕೈಗವಸು. ಮೊಣಕಾಲು ಹಿಡಿದಿದೆ. ವರದಿಯ ಮೇಲೆ ವಿಚಾರಣೆ ಶುರುವಾಗಿದೆ, ಮುಗಿಯುವ ತನಕ ನಾನು ಲ್ಯಾಬಿನಲ್ಲಿ ಪ್ರಾಜೆಕ್ಟ್ ಮುಟ್ಟುವಂತಿಲ್ಲ. ಬೀದಿಯಲ್ಲಿ ಮುಟ್ಟಬಾರದೆಂದು ಯಾರೂ ಹೇಳಲಿಲ್ಲ.

ಕೂದಲಣ್ಣ ಮೂರನೇ ಗುಂಡಿಯ ಹತ್ತಿರ ಕೊನೆಗೂ ಬಾಯಿ ಬಿಟ್ಟರು.

“ನಂದೂ ತಪ್ಪೇ ಮೇಡಂ. ಹನ್ನೊಂದು ವರ್ಷ ಗೊತ್ತಿತ್ತು. ಯಾರೂ ಕೇಳ್ಲಿಲ್ಲ ಅಂತ ಸುಮ್ನಿದ್ದೆ. ಕೇಳ್ದೆ ಇದ್ರೂ ಹೇಳ್ಬೇಕಿತ್ತು.”

ಸಂಜೆ ಅಕ್ಕ ಅಡುಗೆಮನೆಯಿಂದಲೇ ಹೇಳಿದಳು, ಬೆನ್ನು ಹಾಕಿಕೊಂಡು.

“ಆ ಪೇಂಟರ್ ಫಿಸಿಯೋಗೆ ಬರ್ತಾರೆ, ಬುಧವಾರ ಹತ್ತಕ್ಕೆ. ನಂಗೆ ಹೇಳಿ ಆಯ್ತು. ಅವರಿಗೆ ಹೇಳು.”

“ಏನಂತ ಹೇಳ್ಲಿ?”

“ಅದನ್ನೂ ನಾನೇ ಹೇಳಿಕೊಡ್ಬೇಕಾ?”

ಜೂನ್ 30, ಸೋಮವಾರ

ಹೋಗುವುದಿಲ್ಲ ಎಂದುಕೊಂಡೆ. ಹೋಗಿ ಏನು ಪ್ರಯೋಜನ. ಕೈ ಬರುತ್ತದೆಯೇ.

ಜುಲೈ 2, ಬುಧವಾರ, ಮಧ್ಯಾಹ್ನ 12:15

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಣಿಯುತ್ತಿವೆ.

ಹೋದೆ. ಫಿಸಿಯೋ ರೂಮಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಐವತ್ತರ ಆಸುಪಾಸು. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಬಣ್ಣ. ಎಡಗೈಯಲ್ಲಿ ಒಂದು ರಬ್ಬರ್ ಚೆಂಡು, ಹಿಡಿದಿರಲಿಲ್ಲ, ಇಟ್ಟಿತ್ತು. ಅಕ್ಕ ಬಾಗಿಲಿನ ತನಕ ಬಂದು, “ಇವಳು ನನ್ನ ತಂಗಿ, ನಿಮ್ಮ ಹತ್ರ ಏನೋ ಹೇಳ್ಬೇಕಂತೆ” ಎಂದು ಹೇಳಿ ಹೊರಟುಹೋದಳು.

ಹೇಳಿದೆ. ಗಡಿಬಿಡಿಯಲ್ಲಿ ಎಲ್ಲ ಹಿಂದುಮುಂದಾಯಿತು. ಪೂರ್ತಿ ಕೇಳಿದರು.

“ತಿಳೀಲಿಲ್ಲ. ಇನ್ನೊಂದ್ಸಲ ಹೇಳಿ. ನಿಧಾನಕ್ಕೆ.”

ಈ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡು ಗೆರೆ ಎಳೆದು, ಒಂದು ಪೈಪಿನೊಳಗೆ ಸೇರಿಸಿ ತೋರಿಸಿದೆ.

“ಇದು ನಿಮಗೆ ಮೊದಲೇ ಗೊತ್ತಿತ್ತು.”

“ಮೂರು ವಾರ ಮೊದಲು.”

“ಆ ಮೂರು ವಾರ ಏನ್ಮಾಡ್ತಿದ್ರಿ?”

“ಗ್ರಾಫಿಗೆ ಬಣ್ಣ ಸರಿಮಾಡ್ತಿದ್ದೆ. ನೀಲಿಯೋ ಹಸಿರೋ ಅಂತ.”

ಬೇರೆ ಏನೇನೋ ಹೇಳಬಹುದಿತ್ತು. ಬಾಯಿಗೆ ಬಂದದ್ದು ಇದೇ, ನಿಜವಾದದ್ದೂ ಇದೇ. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ. ಬಲಗೈಯಿಂದ ಎಡಗೈ ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು. ನನ್ನ ಚಿತ್ರವನ್ನೇ ನೋಡುತ್ತಿದ್ದರು.

“ಇನ್ನೆಲ್ಲಾದ್ರೂ ಹೀಗಿದೆಯಾ?”

“ಇನ್ನೂ ಆರು ಕಡೆ ಇತ್ತು. ನಾಲ್ಕು ಸರಿ ಮಾಡಿದಾರೆ.”

“ಎರಡು ಬಾಕಿ.”

“ಹೌದು. ಇವತ್ತು ಐದನೇದು ತೆಗೀತಿದಾರೆ, ಪಂಪ್‌ಹೌಸ್ ಹತ್ರ.”

“ಮತ್ತೆ ಇಲ್ಲೇನು ಕೂತಿದೀರಿ?”

ಕೋಪದ ದನಿಯಲ್ಲ. ಕ್ಷಮೆಯೂ ಅಲ್ಲ. ಕೆಲಸ ಗೊತ್ತಿದ್ದವರು ಕೆಲಸದವರಿಗೆ ಹೇಳುವ ಹಾಗೆ. ಎದ್ದೆ. ಕಾರಿಡಾರಿನಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ನನ್ನ ಊಟದ ಡಬ್ಬಿ. ಬೆಳಿಗ್ಗೆ ಬಿಟ್ಟು ಬಂದಿದ್ದೆ. ಕೊಟ್ಟಳು.

ಕೂದಲಣ್ಣನಿಗೆ ಫೋನ್ ಮಾಡಿದೆ. ಮುಚ್ಚಳ ತೆಗೆದಾಗಿದೆಯಂತೆ, ಒಳಗೆ ನೀರು ನಿಂತಿದೆಯಂತೆ, ಕೇಬಲ್ ಕಾಣುತ್ತಿಲ್ಲ, ಯಾವ ಎಳೆ ಯಾರದು ಎಂದು ನನ್ನ ಪಟ್ಟಿ ನೋಡಿಯೇ ಹೇಳಬೇಕಂತೆ. ಪಟ್ಟಿ ಬ್ಯಾಗಿನಲ್ಲೇ ಇದೆ. ಅಲ್ಲಿ ಅಗೆಯುವವರು ಇನ್ನೂ ಊಟಕ್ಕೆ ಹೋಗಿಲ್ಲವಂತೆ. ನಾನು ಬರುವ ತನಕ ಯಂತ್ರ ಹಾಕಬೇಡಿ ಎಂದು ಅವರಿಗೆ ಹೇಳಿ ಎಂದೆ. ಹೇಳಿದೀನಿ ಎಂದರು. ಇನ್ನೊಂದ್ಸಲ ಹೇಳಿ ಎಂದೆ. ಮುಂದಿನ ಸ್ಟಾಪೇ ಪಂಪ್‌ಹೌಸ್, ಇಳಿಯಬೇಕು.